ಎಂಟು ಟ್ರ್ಯಾಕ್, ಎರಡು ಜಿಬಿ, ಒಂಬತ್ತು ಪದ: ದಾವಣಗೆರೆಯ ಒಂದು ಮನೆ ರೆಕಾರ್ಡಿಂಗ್ ಪ್ರಕರಣ

ಇದು ದಾವಣಗೆರೆಯ ಒಂದು ಭಜನಾ ಮಂಡಳಿಯಲ್ಲಿ ನಡೆದದ್ದು. ಮಂಡಳಿಯ ಹೆಸರು, ಬೀದಿಯ ಹೆಸರು, ಮನುಷ್ಯರ ಹೆಸರು ಯಾವುದನ್ನೂ ಬರೆಯುತ್ತಿಲ್ಲ. ಅವರೇ ಹಾಗೆ ಕೇಳಿಕೊಂಡರು. ಆದರೆ ನಡೆದದ್ದನ್ನು ಬರೆಯಲು ಒಪ್ಪಿದರು. ತಮಗಾದ ನಷ್ಟ ಇನ್ನೊಬ್ಬರಿಗೆ ಆಗೋದು ಬೇಡ ಅನ್ನೋದು ಅವರ ಆಸೆ. ನನ್ನದೂ ಅದೇ. ಹಳೆಯ ಡಿಜಿಟಲ್ ರೆಕಾರ್ಡರ್ ಒಂದನ್ನು ಮನೆಯಲ್ಲಿಟ್ಟುಕೊಂಡು, ಊರಿನ ಹಿರಿಯರ ಹಾಡು ಹಿಡಿದಿಡಬೇಕು ಅಂತ ಕೂತವರು ಇದನ್ನು ಓದಲಿ.

ನಾನು ಮೈಕ್‌ಸೆಟ್ಟಿನ ಕೆಲಸ ಮಾಡುವವನು. ಜೊತೆಗೆ ಸ್ವಲ್ಪ ಆಡಿಯೋ ಎಡಿಟಿಂಗ್. ಈ ಪ್ರಕರಣದೊಳಗೆ ನಾನು ಬಂದದ್ದು ಅರ್ಧದಲ್ಲಿ, ಅನಾಹುತ ಆದ ಮೇಲೆ. ಅದಕ್ಕೂ ಮುಂಚಿನದು ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. ಆ ನೋಟ್‌ಬುಕ್ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಹಿನ್ನೆಲೆ

ರೆಕಾರ್ಡರ್ ಇದ್ದದ್ದು ಮಂಡಳಿಯ ಹಾರ್ಮೋನಿಯಂ ನುಡಿಸುವವರ ಮನೆಯಲ್ಲಿ. ನಿವೃತ್ತ ಶಿಕ್ಷಕರು. ಮೇಷ್ಟ್ರು ಅಂತಲೇ ಕರೆಯೋಣ. ಯಂತ್ರ ಅವರಿಗೆ ನೆಂಟರ ಮನೆಯಿಂದ ಬಂದದ್ದು. ಎಂಟು ಟ್ರ್ಯಾಕ್, ಅಂದರೆ ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಎಂಟು ಸಾಲು. ಒಂದೊಂದರ ಸದ್ದು ಏರಿಸಿ ಇಳಿಸಲು ಎಂಟು ಫೇಡರ್, ಒಂದು ಚಿಕ್ಕ ಪರದೆ. ಮೈಕ್ ಸಿಗಿಸುವ ಕಿಂಡಿ ಮಾತ್ರ ಎರಡೇ. ಅಂದರೆ ಕೇಳುವಾಗ ಎಂಟು, ಹಿಡಿಯುವಾಗ ಎರಡು. ಮನೆ ಬಳಕೆಗೆ ಅಂತ ಬಂದ ಈ ಜಾತಿಯ ಯಂತ್ರಗಳಲ್ಲಿ ಬಹಳಷ್ಟು ಹೀಗೇ ಇವೆ.

ಮುಖ್ಯ ಹಾಡುಗಾರರು ಎಪ್ಪತ್ತು ದಾಟಿದ ಅಜ್ಜ. ಏಕತಾರಿ ಹಿಡಿದು ತತ್ವಪದ ಹೇಳುವವರು. ಶ್ರಾವಣದ ಸೋಮವಾರಗಳಲ್ಲಿ ಅವರ ದನಿ ಇಲ್ಲದೆ ಆ ಗುಡಿಯಲ್ಲಿ ಭಜನೆ ಇಲ್ಲ. ಹಿಂದೆ ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರಂತೆ, ಅದು ಬೂಸಲು ಬಂದು ಹೋಯಿತು. ಅಜ್ಜನಿಗೆ ಈಗ ಉಸಿರು ಸಾಲುವುದಿಲ್ಲ. ಬೆಳಿಗ್ಗೆ ಎರಡು ಪದ ಹೇಳಿದರೆ ಆ ದಿನಕ್ಕೆ ಮುಗಿಯಿತು.

ಉಳಿದವರು ತಬಲಾ ಬಾರಿಸುವ ಒಬ್ಬ ಕಾಲೇಜು ಹುಡುಗ, ದಮ್ಮಡಿಗೆ ಒಬ್ಬರು, ತಾಳಕ್ಕೆ ಒಬ್ಬರು, ಹಿಮ್ಮೇಳಕ್ಕೆ ಮೂವರು. ಒಂಬತ್ತು ಪದ ಹಿಡಿದು, ಪೆನ್‌ಡ್ರೈವಿಗೆ ಹಾಕಿ, ಗುಡಿಯಲ್ಲಿ ಬೆಳಗಿನ ಹೊತ್ತು ಹಚ್ಚಬೇಕು ಅನ್ನೋದು ಆಸೆ. ಒಂದೊಂದು ಪದವೂ 9ರಿಂದ 12 ನಿಮಿಷ. ಸಿನಿಮಾ ಹಾಡಿನ ಹಾಗೆ ನಾಲ್ಕು ನಿಮಿಷಕ್ಕೆ ಮುಗಿಯೋದಲ್ಲ. ಪಲ್ಲವಿ ಮತ್ತೆ ಮತ್ತೆ ತಿರುಗಿ ಬರುತ್ತದೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ, ನಡೆ ನಿಧಾನಕ್ಕೆ ಏರುತ್ತಾ ಹೋಗುತ್ತದೆ.

ಮೇಷ್ಟ್ರ ಮನೆ ರೈಲು ಹಳಿಗೆ ಹತ್ತಿರ. ಹುಬ್ಬಳ್ಳಿ, ಬೆಂಗಳೂರು ಗಾಡಿಗಳೆಲ್ಲ ಊರ ನಡುವೆಯೇ ಹಾದು ಹೋಗುತ್ತವೆ ಅಲ್ವಾ. ಗಾಡಿಯ ಸದ್ದಿಲ್ಲದ ಸಂದಿ ನೋಡಿಕೊಂಡು ಹಿಡಿಯಬೇಕು. ಅಜ್ಜನ ಉಸಿರು, ರೈಲಿನ ಸಮಯ, ಎರಡೂ ಕೂಡಿ ಬರುವುದು ಬೆಳಿಗ್ಗೆ ಒಂದು ಗಂಟೆ ಮಾತ್ರ.

ಕಾರ್ಡಿನ ಪಜೀತಿ

ಯಂತ್ರದೊಳಗೆ ಇದ್ದದ್ದು 2 ಜಿಬಿ ಎಸ್‌ಡಿ ಕಾರ್ಡ್. ಸಾಲುವುದಿಲ್ಲ ಅಂತ ಮೇಷ್ಟ್ರು ಅಶೋಕ ರಸ್ತೆ ಕಡೆ ಹೋಗಿ 32 ಜಿಬಿಯದು ತಂದರು. ಯಂತ್ರ ಅದನ್ನು ಗುರುತಿಸಲಿಲ್ಲ. ಕಾರ್ಡ್ ಕೆಟ್ಟಿದೆ ಅಂದುಕೊಂಡು ಬದಲಿಸಿ ತಂದರು. ಅದೂ ಹಾಗೇ.

ಕಾರ್ಡಿನಲ್ಲಿ ತಪ್ಪಿರಲಿಲ್ಲ. ಮೊದಲ ತಲೆಮಾರಿನ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ. 2006ರಲ್ಲಿ ಎಸ್‌ಡಿಎಚ್‌ಸಿ ಅನ್ನುವ ಹೊಸ ಬಗೆ ಬಂತು, ಅದು 32 ಜಿಬಿವರೆಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ಲೆಕ್ಕ ಬೇರೆ. ಹಳೆಯದರಲ್ಲಿ ಒಂದೊಂದು ಬೈಟಿಗೂ ವಿಳಾಸ. ಹೊಸದರಲ್ಲಿ 512 ಬೈಟಿನ ಒಂದೊಂದು ಕಟ್ಟಿಗೆ ವಿಳಾಸ. ಹಳೆ ಯಂತ್ರಕ್ಕೆ ಈ ಹೊಸ ಭಾಷೆ ಗೊತ್ತಿಲ್ಲ. ದೊಡ್ಡ ಕಾರ್ಡನ್ನು ಕಂಪ್ಯೂಟರಿನಲ್ಲಿ ಹೋಳು ಮಾಡಿ 2 ಜಿಬಿ ಅಂತ ತೋರಿಸಿದರೂ ಪ್ರಯೋಜನವಿಲ್ಲ. ತಬಲಾ ಹುಡುಗ ಅದನ್ನೂ ಮಾಡಿ ನೋಡಿದ, ಎರಡು ಸಂಜೆ ಹಾಳಾಯಿತು.

ದಾರಿ ಸಿಕ್ಕಿದ್ದು ಹಳೆ ಸಾಮಾನಿನಲ್ಲಿ. ಬಂಧುಗಳ ಮನೆಗಳಲ್ಲಿ ಮೂಲೆ ಸೇರಿದ್ದ ಕೀಪ್ಯಾಡ್ ಫೋನುಗಳು, ಹಳೆ ಡಿಜಿಟಲ್ ಕ್ಯಾಮೆರಾಗಳು. ಅವುಗಳೊಳಗೆ 1 ಜಿಬಿ, 2 ಜಿಬಿ ಕಾರ್ಡುಗಳು ಇದ್ದವು. ಮೈಕ್ರೋ ಕಾರ್ಡನ್ನು ಅಡಾಪ್ಟರಿನಲ್ಲಿ ಕೂರಿಸಿದರೆ ಯಂತ್ರ ತೆಗೆದುಕೊಂಡಿತು. ನಾಲ್ಕು ಸಿಕ್ಕವು. ಬಳಸುವ ಮುಂಚೆ ಮೇಷ್ಟ್ರು ಒಂದು ಒಳ್ಳೆ ಕೆಲಸ ಮಾಡಿದರು. ಒಂದೊಂದು ಕಾರ್ಡಿನಲ್ಲೂ ಸುಮ್ನೆ ಫ್ಯಾನಿನ ಸದ್ದನ್ನು ತುಂಬಾ ತುಂಬಿಸಿ, ವಾಪಸ್ ಹಚ್ಚಿ ಕೇಳಿದರು. ನಾಲ್ಕರಲ್ಲಿ ಒಂದು ಅರ್ಧಕ್ಕೇ ನಿಂತಿತು. ಅದನ್ನು ತೆಗೆದಿಟ್ಟರು. ಆ ಪರೀಕ್ಷೆ ಮಾಡದಿದ್ದರೆ ಯಾವ ಪದದ ನಡುವೆ ನಿಲ್ಲುತ್ತಿತ್ತೋ.

ಈಗ ಲೆಕ್ಕಕ್ಕೆ ಬರೋಣ. ಈ ಯಂತ್ರ ಸೆಕೆಂಡಿಗೆ ದನಿಯ 44,100 ಮಾದರಿ (ಸ್ಯಾಂಪಲ್) ಹಿಡಿಯುತ್ತದೆ, ಒಂದೊಂದೂ 16 ಬಿಟ್, ಅಂದರೆ 2 ಬೈಟ್. ಒಂದು ಟ್ರ್ಯಾಕಿಗೆ ಸೆಕೆಂಡಿಗೆ 88,200 ಬೈಟ್. ನಿಮಿಷಕ್ಕೆ ಸುಮಾರು 5.3 ಎಂಬಿ. 2 ಜಿಬಿ ಕಾರ್ಡಿನಲ್ಲಿ ಸುಮಾರು 375 ನಿಮಿಷ ಹಿಡಿಸುತ್ತದೆ. ಆದರೆ ಅದು ಒಂದು ಟ್ರ್ಯಾಕಿನ ನಿಮಿಷ. ಇದನ್ನು ನಾನು ಟ್ರ್ಯಾಕ್-ನಿಮಿಷ ಅಂತ ಕರೆಯುತ್ತೇನೆ. ಹತ್ತು ನಿಮಿಷದ ಪದಕ್ಕೆ ಎಂಟೂ ಟ್ರ್ಯಾಕ್ ತುಂಬಿದರೆ 80 ಟ್ರ್ಯಾಕ್-ನಿಮಿಷ. ಒಂದು ಕಾರ್ಡಿಗೆ ನಾಲ್ಕೂವರೆ ಪದ. ಕಾಗದದ ಮೇಲೆ ಇದು ಸಾಲುತ್ತದೆ ಅನ್ನಿಸುತ್ತದೆ.

ಸಾಲಲಿಲ್ಲ. ಎರಡನೇ ಪದ ಮುಗಿಯುವ ಮೊದಲೇ ಕಾರ್ಡ್ ತುಂಬಿತು ಅಂತ ಪರದೆ ಹೇಳಿತು. ಮೇಷ್ಟ್ರಿಗೆ ನಂಬಿಕೆಯೇ ಬರಲಿಲ್ಲ. ಕಾರಣ ಏನಂದರೆ, ಇಂಥ ಬಹಳಷ್ಟು ಯಂತ್ರಗಳಲ್ಲಿ ಒಂದು ಟೇಕಿನ (ಒಂದು ಸಲ ಹಾಡಿ ಹಿಡಿದದ್ದರ) ಮೇಲೆ ಇನ್ನೊಂದು ಹಾಡಿದರೆ ಹಳೆಯದು ಅಳಿಸಿ ಹೋಗುವುದಿಲ್ಲ. ‘ಅನ್‌ಡೂ’ ಒತ್ತಿದರೆ ವಾಪಸ್ ಬರಬೇಕಲ್ಲ, ಅದಕ್ಕೆ ಕಾರ್ಡಿನಲ್ಲೇ ಕೂತಿರುತ್ತದೆ. ಹಿಮ್ಮೇಳವನ್ನು ಆರು ಸಲ ಹಾಡಿಸಿದರೆ ಆರೂ ಇವೆ. ಪರದೆಯಲ್ಲಿ ಕಾಣುವುದು ಕೊನೆಯದು ಮಾತ್ರ. ಇವನ್ನು ಗುಡಿಸಿ ಹಾಕಲು ಯಂತ್ರದಲ್ಲಿ ಒಂದು ಆಜ್ಞೆ ಇರುತ್ತದೆ, ‘ಆಪ್ಟಿಮೈಜ್’ ಅಂತ. ಅದನ್ನು ಒತ್ತಿದರೆ ಜಾಗ ಬಿಡುವಾಗುತ್ತದೆ. ಹಿಂದಕ್ಕೆ ಹೋಗುವ ದಾರಿಯೂ ಅಲ್ಲಿಗೆ ಮುಚ್ಚುತ್ತದೆ.

ಮೊದಲು ಮಾಡಿ ನೋಡಿದ್ದು

ಮೊದಲ ದಿನ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಎರಡು ಮೈಕಿನಲ್ಲಿ ಹಿಡಿದರು. ಹಾಡು ಚೆನ್ನಾಗಿತ್ತು. ಆದರೆ ತಾಳ ಅಜ್ಜನ ಮೈಕಿನೊಳಗೇ ನುಗ್ಗಿತು. ಹಿತ್ತಾಳೆಯ ತಾಳ ಚಿಕ್ಕದೇ ಆದರೂ ಅದರ ಸದ್ದು ಕೋಣೆಯ ಎಲ್ಲ ಗೋಡೆಗೂ ಬಡಿದು ಬರುತ್ತದೆ.

ಎರಡನೇ ಸಲ ಒಬ್ಬೊಬ್ಬರನ್ನೇ ಹಿಡಿಯೋಣ ಅಂತ ಹೊರಟರು. ಒಂದೇ ಸಮ ಟಕ್ ಟಕ್ ಅಂತ ಲಯ ಕೊಡುವ ಯಂತ್ರದ ಮೆಟ್ರೋನೋಮ್ ಹಾಕಿ, ಅಜ್ಜನ ಕಿವಿಗೆ ಹೆಡ್‌ಫೋನ್ ಕೊಟ್ಟರು. ಅಜ್ಜ ಎರಡು ಸಾಲು ಹೇಳಿ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಕಿವಿ ಮುಚ್ಕೊಂಡು ಪದ ಹೆಂಗ್ ಹೇಳ್ಲಪ್ಪಾ? ನನ್ ದನಿ ನಂಗೇ ಕೇಳ್ತಿಲ್ಲ” ಅಂದರು. ಅವರು ಹೇಳಿದ್ದು ಸರಿ. ಪದದ ನಡೆ ಮೆಟ್ರೋನೋಮಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಅಜ್ಜನ ಬೆರಳು ಏಕತಾರಿಯ ಮೇಲೆ ಹೇಗೆ ಹೋಗುತ್ತದೋ ಹಾಗೆ ನಡೆ ಹೋಗುತ್ತದೆ. ಹಿಮ್ಮೇಳದ ಮುಖ ನೋಡದೆ ಅವರಿಗೆ ಮುಂದಿನ ನುಡಿ ಎತ್ತಲು ಬರುವುದಿಲ್ಲ.

ಮೂರನೆಯದು ಹೊಂದಿತು. ಅಜ್ಜ, ಏಕತಾರಿ ಒಂದು ಮೈಕಿಗೆ. ಮೇಷ್ಟ್ರ ಹಾರ್ಮೋನಿಯಂ, ಹುಡುಗನ ತಬಲಾ ಇನ್ನೊಂದು ಮೈಕಿಗೆ. ಹಿಮ್ಮೇಳದವರು ಎದುರಿಗೆ ಕೂತು ಬರೀ ತುಟಿ ಆಡಿಸಬೇಕು, ದನಿ ಹೊರಡಿಸಬಾರದು. ಅಜ್ಜನಿಗೆ ಅವರ ಮುಖ ಕಂಡರೆ ಸಾಕು. ಹೆಡ್‌ಫೋನ್ ಬೇಡ. ಆಮೇಲೆ ಬೇರೆ ದಿನ ಹಿಮ್ಮೇಳದವರು ಬಂದು, ಅಜ್ಜನ ದನಿ ಕೇಳಿಕೊಂಡು ತಮ್ಮದನ್ನು ಸೇರಿಸಬೇಕು. ತುಟಿ ಆಡಿಸುವ ಈ ಉಪಾಯ ಹೇಳಿದ್ದು ದಮ್ಮಡಿಯವರು. ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ನಿರ್ಧಾರ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಹೀಗೆ ಮೊದಲ ಪದ ಮುಗಿಯಿತು. ಎರಡನೆಯದಕ್ಕೆ ಬಂದಾಗ ಟ್ರ್ಯಾಕ್ ಸಾಲದಾಯಿತು.

ಆ ಸೋಮವಾರ ರಾತ್ರಿ

ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಒಂದೊಂದು ಪದಕ್ಕೆ ಒಂದು ಪುಟ. ಪುಟಕ್ಕೆ ಎಂಟು ಗೀಟು. ಎರಡನೇ ಪದದ ಪುಟದಲ್ಲಿ ಹೀಗಿದೆ: 1 ಅಜ್ಜ, 2 ಪೆಟ್ಟಿಗೆ (ಹಾರ್ಮೋನಿಯಂ)-ತಬಲಾ, 3 ದಮ್ಮಡಿ, 4 ತಾಳ, 5, 6, 7 ಹಿಮ್ಮೇಳ, 8 ಖಾಲಿ. ಅದರ ಕೆಳಗೆ 1ರಿಂದ 7ರವರೆಗೆ ಒಂದು ಕಂಸ ಎಳೆದು, ಬಾಣ ಹಾಕಿ, ‘8ಕ್ಕೆ’ ಅಂತ ಬರೆದಿದ್ದಾರೆ. ಆ ಬಾಣವೇ ಈ ಪ್ರಕರಣದ ತಿರುವು.

ಆ ದಿನ ಮಂಡಳಿಯ ಹಿರಿಯರೊಬ್ಬರು, ಹಿಮ್ಮೇಳ ತೆಳ್ಳಗಿದೆ, ಇನ್ನೂ ಮೂವರ ದನಿ ಸೇರಿಸೋಣ ಅಂದರು. ಉಳಿದದ್ದು ಒಂದೇ ಟ್ರ್ಯಾಕ್. ಆಗ ಮೇಷ್ಟ್ರು ಬೌನ್ಸ್ ಮಾಡಿದರು. ಬೌನ್ಸ್ ಅಂದರೆ ತುಂಬಿದ ಟ್ರ್ಯಾಕುಗಳನ್ನೆಲ್ಲ ಕಲಸಿ ಒಂದು ಖಾಲಿ ಟ್ರ್ಯಾಕಿಗೆ ಇಳಿಸೋದು. ಇಳಿಸಿದ ಮೇಲೆ ಮೊದಲಿನವನ್ನು ಅಳಿಸಿ ಮತ್ತೆ ಬಳಸಬಹುದು.

ಇದು ಹಳೆ ವಿದ್ಯೆ. 1960ರ ದಶಕದಲ್ಲಿ ಬೀಟಲ್ಸ್ ತಂಡದವರು ಲಂಡನ್ನಿನಲ್ಲಿ ನಾಲ್ಕು ಟ್ರ್ಯಾಕಿನ ಟೇಪಿನ ಮೇಲೆ ಕೆಲಸ ಮಾಡುತ್ತಿದ್ದದ್ದು ಹೀಗೆಯೇ. 1979ರಲ್ಲಿ ಮನೆ ಬಳಕೆಗೆ ಕ್ಯಾಸೆಟ್ಟಿನ ನಾಲ್ಕು ಟ್ರ್ಯಾಕ್ ಯಂತ್ರ, ಪೋರ್ಟಾಸ್ಟುಡಿಯೋ, ಬಂದ ಮೇಲೆ ಅದನ್ನು ಕೊಂಡವರೂ ಇದನ್ನೇ ಮಾಡಿದರು. ಟೇಪಿನಲ್ಲಿ ಪ್ರತಿ ಬೌನ್ಸಿಗೂ ಒಂದಷ್ಟು ‘ಸ್’ ಅನ್ನುವ ಸದ್ದು ಸೇರುತ್ತಿತ್ತು. ಹಾಗಾಗಿ ಅವರು ಹೆದರಿ ಹೆದರಿ ಮಾಡುತ್ತಿದ್ದರು. ಡಿಜಿಟಲ್ಲಿನಲ್ಲಿ ಆ ಸದ್ದು ಸೇರುವುದಿಲ್ಲ. ಅದರಿಂದಲೇ ನಮಗೆ ಧೈರ್ಯ ಜಾಸ್ತಿ. ಆದರೆ ಕಲಸಿದ್ದು ಕಲಸಿದ್ದೇ. ತಾಳ ಜಾಸ್ತಿ ಆದರೆ ತಾಳವೊಂದನ್ನೇ ಇಳಿಸಲು ಬರುವುದಿಲ್ಲ. ಸಾರಿಗೆ ಹಾಕಿದ ಉಪ್ಪಿನ ಹಾಗೆ.

ಮೇಷ್ಟ್ರು ಬೌನ್ಸ್ ಮಾಡಿದ್ದು ರಾತ್ರಿ ಹನ್ನೊಂದಕ್ಕೆ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಭಜನೆಗೆ ಎಕೋ ಇದ್ದರೆ ಚೆನ್ನ ಅಂತ ಎಕೋವನ್ನೂ ಅದರೊಳಗೇ ಸೇರಿಸಿದರು. ಕೇಳಿದರು, ಇಷ್ಟವಾಯಿತು. 1ರಿಂದ 7ರವರೆಗೆ ಅಳಿಸಿದರು. ಅನ್‌ಡೂ ಇದೆಯಲ್ಲ ಅನ್ನುವ ಸಮಾಧಾನ ಇತ್ತು. ಮರುದಿನ ಹೊಸ ದನಿ ಸೇರಿಸುವಾಗ ಕಾರ್ಡ್ ತುಂಬಿತು ಅಂತ ಮತ್ತೆ ಬಂತು. ಜನ ಕಾಯುತ್ತಿದ್ದರು. ಆಪ್ಟಿಮೈಜ್ ಒತ್ತಿದರು.

ನಾಲ್ಕು ದಿನ ಬಿಟ್ಟು ಗುಡಿಯ ಹಾರ್ನ್ ಸ್ಪೀಕರಿನಲ್ಲಿ ಹಚ್ಚಿ ನೋಡಿದರು. ಅಜ್ಜನ ಮಾತು ಕೇಳಲಿಲ್ಲ. ತಾಳ ಮಾತ್ರ ಕೇಳಿತು. ಹಾರ್ನ್ ಕೆಳಗಿನ ದನಿಯನ್ನು ಕೊಡುವುದೇ ಇಲ್ಲ, ಕಿರ್ರೆನ್ನುವ ನಡುವಿನ ಭಾಗವನ್ನು ಎತ್ತಿ ಹಿಡಿಯುತ್ತದೆ. ಹೆಡ್‌ಫೋನಿನಲ್ಲಿ ಅಜ್ಜನ ದನಿಯ ತುಂಬು ಎದೆಗೆ ತಾಗುತ್ತಿತ್ತು, ತಾಳ ಹಿಂದೆ ಎಲ್ಲೋ ಇತ್ತು. ಹಾರ್ನಿನಲ್ಲಿ ಆ ತುಂಬು ಹೋಯಿತು. ಗುಡಿಯ ಅಂಗಳದಲ್ಲಿ ಸಹಜವಾಗಿಯೇ ಪ್ರತಿಧ್ವನಿ ಇದೆ. ಅದರ ಮೇಲೆ ಈ ಎಕೋ. ಸಾಲಿನ ಕೊನೆಯ ಮಾತುಗಳೆಲ್ಲ ಒಂದರೊಳಗೊಂದು ಸಿಕ್ಕಿಕೊಂಡವು.

ಮತ್ತೆ ಹಾಡಿಸಿದರಾಯಿತು ಅಂದುಕೊಂಡರು. ಅದೇ ವಾರ ಅಜ್ಜನಿಗೆ ಕೆಮ್ಮು ಹಿಡಿಯಿತು. ಒಂದೂವರೆ ತಿಂಗಳು ದನಿ ಎತ್ತಬೇಡಿ ಅಂದರು ಡಾಕ್ಟರು.

ನನಗೆ ಫೋನ್ ಬಂದದ್ದು ಆಗ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಅಳಿಸಿದ ಫೈಲ್ ಹುಡುಕುವ ಸಾಫ್ಟ್‌ವೇರ್ ಓಡಿಸಿದೆ. ಸಿಕ್ಕಿದ್ದು ಹತ್ತು ಹದಿನೈದು ಸೆಕೆಂಡಿನ ಚೂರುಗಳು. ಖಾಲಿಯಾದ ಜಾಗದ ಮೇಲೆ ಹೊಸ ದನಿ ಆಗಲೇ ಕೂತಿತ್ತು. ಕಲಸಿದ ಟ್ರ್ಯಾಕಿನಲ್ಲೇ ತಾಳ ಇರುವ ಎತ್ತರದ ಭಾಗವನ್ನು ಇಳಿಸಿ ನೋಡಿದೆ. ತಾಳ ಕಡಿಮೆಯಾಯಿತು. ಅದರ ಜೊತೆ ಅಜ್ಜನ ಸ, ಶ, ಚ ಅಕ್ಷರಗಳೂ ಮೊಂಡಾದವು. ‘ಶಿವ’ ಅನ್ನುವುದು ‘ಇವ’ ಅಂತ ಕೇಳತೊಡಗಿತು. ಅಲ್ಲಿಗೆ ನಿಲ್ಲಿಸಿದೆ. ಮೇಷ್ಟ್ರು ಏನೂ ಮಾತಾಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಆ ಬಾಣದ ಮೇಲೆ ಒಂದು ಗೀಟು ಎಳೆದರು.

ಕ್ರಮ ಬದಲಾದದ್ದು

ಅಜ್ಜ ಸುಮ್ಮನಿರಬೇಕಾದ ಆ ಒಂದೂವರೆ ತಿಂಗಳಲ್ಲಿ ನಾವು ಇಡೀ ಕೆಲಸವನ್ನು ಹೊಸದಾಗಿ ಯೋಚಿಸಿದೆವು. ಮೊದಲಿಗೆ ನಾನು ಕೇಳಿದ್ದು ಇಷ್ಟೇ: ಯಾವ ಟ್ರ್ಯಾಕುಗಳನ್ನು ಕಲಸಬಹುದು? ಮೇಷ್ಟ್ರು ವಾದ್ಯದ ಲೆಕ್ಕದಲ್ಲಿ ಉತ್ತರ ಕೊಟ್ಟರು. ತಾಳವಾದ್ಯ ಒಂದು ಕಡೆ, ದನಿ ಒಂದು ಕಡೆ ಅಂತ. ಪುಸ್ತಕದಲ್ಲೂ ಹಾಗೇ ಹೇಳುತ್ತಾರೆ. ಆದರೆ ನಮ್ಮ ಕೈಲಿದ್ದ ಪ್ರಶ್ನೆ ಬೇರೆ ಅನ್ನಿಸಿತು. ಇವರು ನಾಳೆ ಮತ್ತೆ ಸಿಗುತ್ತಾರಾ? ತಾಳದವರು ನಾಳೆ ಬರುತ್ತಾರೆ, ಹಿಮ್ಮೇಳದವರೂ ಬರುತ್ತಾರೆ, ನಾಡಿದ್ದೂ ಬರುತ್ತಾರೆ. ಅವರದು ಕೆಟ್ಟರೆ ಮತ್ತೆ ಹಿಡಿಯಬಹುದು. ಅಜ್ಜನ ಈ ಬೆಳಗಿನ ದನಿ ಮತ್ತೆ ಸಿಗುವುದಿಲ್ಲ. ಹಾಗಾಗಿ ಅಜ್ಜನ ಟ್ರ್ಯಾಕ್ ಯಾವ ಬೌನ್ಸಿನೊಳಗೂ ಹೋಗಬಾರದು. ಜಾಗ ಬೇಕಾದರೆ ಬೇರೆ ಏನನ್ನಾದರೂ ಬಿಡೋಣ.

ಮೇಷ್ಟ್ರು ನೋಟ್‌ಬುಕ್ಕಿನ ಪುಟದಲ್ಲಿ ಒಂದು ಅಡ್ಡಸಾಲು ಹೆಚ್ಚು ಎಳೆದರು. ‘ಮತ್ತೆ ಸಿಗ್ತದಾ?’ ಅಂತ ಬರೆದರು. ಒಂದೊಂದು ಟ್ರ್ಯಾಕಿನ ಕೆಳಗೂ ಹೌದು, ಇಲ್ಲ.

ಆಮೇಲೆ ಬೌನ್ಸನ್ನೇ ಆದಷ್ಟು ತಪ್ಪಿಸೋದು ಹೇಗೆ ಅಂತ ನೋಡಿದೆವು. ಮೂವರು ಹಿಮ್ಮೇಳದವರಿಗೆ ಮೂರು ಟ್ರ್ಯಾಕ್ ಯಾಕೆ ಬೇಕು? ಒಂದೇ ಮೈಕಿನ ಮುಂದೆ ಅರ್ಧ ಚಂದ್ರದ ಹಾಗೆ ನಿಲ್ಲಿಸಿದೆವು. ಜೋರು ದನಿಯವರು ಎರಡು ಹೆಜ್ಜೆ ಹಿಂದೆ, ಮೆತ್ತಗಿನವರು ಮುಂದೆ. ಅರ್ಧ ನಿಮಿಷ ಹಿಡಿಯೋದು, ಹಾರ್ನಿನಲ್ಲಿ ಕೇಳೋದು, ನಿಂತ ಜಾಗ ಬದಲಿಸೋದು. ಕಾಲಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಮೂರು ಸಲಕ್ಕೆ ಹದ ಸಿಕ್ಕಿತು. ಫೇಡರಿನಲ್ಲಿ ಮಾಡುವ ಕೆಲಸವನ್ನು ನೆಲದ ಮೇಲೆ ಮಾಡಿದ್ದು ಅಷ್ಟೇ. ಮೂರು ಟ್ರ್ಯಾಕ್ ಒಂದಾಯಿತು. ಹತ್ತು ನಿಮಿಷದ ಪದಕ್ಕೆ 20 ಟ್ರ್ಯಾಕ್-ನಿಮಿಷ, ಅಂದರೆ 106 ಎಂಬಿ ಉಳಿಯಿತು. ತುಂಬು ಬೇಕಾದರೆ ಅದೇ ಮೂವರನ್ನು ಇನ್ನೊಂದು ಟ್ರ್ಯಾಕಿನಲ್ಲಿ ಇನ್ನೊಮ್ಮೆ ಹಾಡಿಸಿದರೆ ಆರು ದನಿ ಆಯಿತು.

ತಾಳ ಯಾವತ್ತೂ ಒಂಟಿ ಟ್ರ್ಯಾಕಿನಲ್ಲೇ. ಯಾಕಂದರೆ ಅದರ ಪ್ರಮಾಣ ಹಚ್ಚುವ ಜಾಗಕ್ಕೆ ತಕ್ಕ ಹಾಗೆ ಬದಲಾಗಬೇಕು. ಎಕೋ ಯಾವ ಟ್ರ್ಯಾಕಿನೊಳಗೂ ಹೋಗಬಾರದು, ಎಲ್ಲ ಟ್ರ್ಯಾಕ್ ಕೂಡಿಸುವ ಕೊನೆಯ ಮಿಕ್ಸಿನಲ್ಲಿ ಬೇಕಾದರೆ ನೋಡೋಣ. ಎಲ್ಲವೂ ಮೋನೋ, ಅಂದರೆ ಎಡ ಬಲ ಅಂತ ಬೇರೆ ಮಾಡದ ಒಂದೇ ದನಿ. ಗುಡಿಯ ಮೇಲಿರುವ ಎರಡು ಹಾರ್ನುಗಳು ಎರಡು ದಿಕ್ಕಿಗೆ ಮುಖ ಮಾಡಿವೆ. ಒಂದರ ಕೆಳಗೆ ನಿಂತವರಿಗೆ ಇನ್ನೊಂದು ಕೇಳುವುದೇ ಇಲ್ಲ. ಅಲ್ಲಿ ಸ್ಟೀರಿಯೋ ಮಾಡಿ ಎರಡು ಪಾಲು ಜಾಗ ತಿನ್ನಿಸುವುದರಲ್ಲಿ ಅರ್ಥ ಇಲ್ಲ.

ಜಾಗ ಉಳಿಸಲು ಫೋನಿನಲ್ಲಿ ಎಂಪಿ3 ಮಾಡಿ ಹಿಡಿಯೋಣ ಅಂತ ಯಾರೋ ಹೇಳಿದರು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 1 ಎಂಬಿ ಕೂಡ ಆಗುವುದಿಲ್ಲ, ನಿಜ. ಹಚ್ಚಿ ಕೇಳಲು ಅದು ಸಾಕು. ಆದರೆ ಅದರ ಮೇಲೆ ಕೆಲಸ ಮಾಡಿ ಮತ್ತೆ ಎಂಪಿ3 ಮಾಡಿದರೆ ದನಿಯ ಒಂದಷ್ಟು ಭಾಗವನ್ನು ಎರಡು ಸಲ ಕಳೆದುಕೊಳ್ಳುತ್ತೇವೆ. ಮೂಲ ಯಾವತ್ತೂ ಕುಗ್ಗಿಸದ ವೇವ್ ಫೈಲಾಗಿಯೇ ಇರಲಿ ಅಂತ ಬೇಡ ಅಂದೆ.

ಆದರೂ ಫೋನಿಗೆ ಒಂದು ಕೆಲಸ ಕೊಟ್ಟೆವು. ಅಜ್ಜ ಹಾಡುವಾಗ ಏಕತಾರಿಗೆ ಬೇರೆ ಮೈಕ್ ಬೇಕಿತ್ತು, ಕಿಂಡಿ ಎರಡೇ. ಹುಡುಗನ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ವೇವ್ ಹಿಡಿಯುವ ಆಪ್ ಹಾಕಿ, ಏಕತಾರಿಯ ಹತ್ತಿರ ಒಂದು ಬಟ್ಟೆಯ ಮೇಲೆ ಇಟ್ಟೆವು. ಪದ ಶುರುವಾಗುವ ಮುಂಚೆ ಒಂದು ಚಪ್ಪಾಳೆ. ಮುಗಿದ ಮೇಲೆ ಇನ್ನೊಂದು. ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿಗೆ ಎರಡನ್ನೂ ತಂದು ಮೊದಲ ಚಪ್ಪಾಳೆಗೆ ಹೊಂದಿಸಿದರೆ ಕೂಡಿತು. ಆದರೆ ಕೊನೆಯ ಚಪ್ಪಾಳೆಗೆ ಹೋಗಿ ನೋಡಿದರೆ ಫೋನಿನದು ಸುಮಾರು 40 ಮಿಲಿಸೆಕೆಂಡ್ ಹಿಂದೆ ಬಿದ್ದಿತ್ತು. ಎರಡು ಯಂತ್ರದೊಳಗಿನ ಗಡಿಯಾರಗಳು ಯಾವತ್ತೂ ಪೂರ್ತಿ ಒಂದೇ ಸಮ ಓಡುವುದಿಲ್ಲ. ಹನ್ನೊಂದು ನಿಮಿಷದಲ್ಲಿ ಅಷ್ಟು ವ್ಯತ್ಯಾಸ ಬರುತ್ತದೆ. ಏಕತಾರಿಯ ಮೀಟು ಎರಡೆರಡು ಸಲ ಕೇಳಲು ಅಷ್ಟು ಸಾಕು. ಎರಡನೇ ಚಪ್ಪಾಳೆ ಹೊಡೆಸಿದ್ದು ಇದಕ್ಕೇ. ಒಂದು ನುಡಿ ಮುಗಿದು ಇನ್ನೊಂದು ಎತ್ತಿಕೊಳ್ಳುವ ಸಂದಿಗಳಲ್ಲಿ ಫೋನಿನ ಟ್ರ್ಯಾಕನ್ನು ಕತ್ತರಿಸಿ, ಒಂದೊಂದು ಚೂರನ್ನೂ ಕೂದಲೆಳೆಯಷ್ಟು ಮುಂದೆ ಸರಿಸಿದೆ.

ಇನ್ನು ಕಾರ್ಡ್ ಖಾಲಿ ಮಾಡುವ ವಿಷಯ. ಇದರಲ್ಲಿ ಯಾವ ಜಾಣತನವೂ ಇಲ್ಲ, ತಾಳ್ಮೆ ಬೇಕು ಅಷ್ಟೇ. ಪದ ಮುಗಿದ ದಿನವೇ ಒಂದೊಂದು ಟ್ರ್ಯಾಕನ್ನೂ ವೇವ್ ಮಾಡಿಸಿ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಇಳಿಸಿದೆವು. ಎಲ್ಲವನ್ನೂ ಸೊನ್ನೆ ನಿಮಿಷದಿಂದಲೇ ತೆಗೆಯಬೇಕು, ಹಿಮ್ಮೇಳ ಮೂರನೇ ನಿಮಿಷಕ್ಕೆ ಶುರುವಾದರೂ ಸರಿ. ಆಗ ಕಂಪ್ಯೂಟರಿನಲ್ಲಿ ಎಲ್ಲದರ ತಲೆ ಒಂದು ಗೀಟಿಗೆ ಇಟ್ಟರೆ ಸಾಕು, ತಾವಾಗಿಯೇ ಕೂಡುತ್ತವೆ. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ. ಎರಡನ್ನೂ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಹಚ್ಚಿ ಕೇಳಿದ ಮೇಲೆ ಮಾತ್ರ ಆಪ್ಟಿಮೈಜ್. ಆ ಗುಂಡಿಯನ್ನು ಜನ ಕಾಯುತ್ತಿರುವಾಗ ಒತ್ತಬಾರದು ಅಂತ ಮೇಷ್ಟ್ರೇ ನಿಯಮ ಮಾಡಿಕೊಂಡರು.

ಒಂದು ಬೆಳಿಗ್ಗೆ ಪದದ ನಡುವೆ ಕರೆಂಟ್ ಹೋಯಿತು. ಯಂತ್ರ ‘ನಿಲ್ಲಿಸು’ ಒತ್ತಿದ ಮೇಲೆಯೇ ಫೈಲನ್ನು ಮುಚ್ಚಿ ಬರೆದುಕೊಳ್ಳುತ್ತದೆ. ಹಾಗಾಗಿ ಏಳು ನಿಮಿಷದ ಹಾಡು ಇಲ್ಲವಾಯಿತು. ಪುಣ್ಯಕ್ಕೆ ಅದು ಹಿಮ್ಮೇಳದ ದಿನ. ಆಮೇಲಿನಿಂದ ಯಂತ್ರ ಬ್ಯಾಟರಿಯಲ್ಲೇ ಓಡಿತು. ಅಜ್ಜ ಬರುವ ದಿನ ಹೊಸ ಸೆಲ್.

ಕೊನೆಗೆ ಏನಾಯಿತು

ಅಜ್ಜನ ಕೆಮ್ಮು ಇಳಿಯಿತು. ದನಿ ವಾಪಸ್ ಬಂತು, ಆದರೆ ಮೊದಲಿನ ಎತ್ತರಕ್ಕೆ ಏರಲಿಲ್ಲ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಒಂದು ಮನೆ ಕೆಳಗಿಳಿಸಿದರು. ಎರಡನೇ ಪದಕ್ಕೆ ಹಿಮ್ಮೇಳ ಹಳೆಯ ಶ್ರುತಿಯಲ್ಲಿತ್ತು, ಹೊಂದಲಿಲ್ಲ. ಆ ಪದವನ್ನು ಎಲ್ಲರೂ ಮೊದಲಿಂದ ಹಾಡಬೇಕಾಯಿತು. ಹಾಡಿದರು. ಈಗಿನದು ಮಾತು ಮಾತೂ ಸ್ಪಷ್ಟ. ಹಳೆಯದರಲ್ಲಿ ಮೂರನೇ ನುಡಿಯ ಕೊನೆಗೆ ಅಜ್ಜ ಮೇಲಕ್ಕೆ ಎತ್ತಿ ನಿಲ್ಲಿಸಿದ ಒಂದು ದನಿ ಇತ್ತು. ತಾಳದ ಅಡಿಯಲ್ಲಿ ಹೂತು ಹೋಗಿದ್ದರೂ ಕಿವಿಗೊಟ್ಟರೆ ಕೇಳುತ್ತದೆ. ಅದು ಹೊಸದರಲ್ಲಿ ಇಲ್ಲ. ಹಾಗಾಗಿ ಎರಡನ್ನೂ ಇಟ್ಟಿದ್ದೇವೆ.

ಎಂಟು ಪದ ಮುಗಿದಿವೆ. ಹೆಚ್ಚಿನವಕ್ಕೆ ಆರು ಟ್ರ್ಯಾಕೇ ಸಾಕಾಯಿತು. ಬೌನ್ಸ್ ಮಾಡಿದ್ದು ಒಂದೇ ಪದದಲ್ಲಿ, ಅದೂ ಹಿಮ್ಮೇಳವನ್ನು ಮಾತ್ರ, ಎಕೋ ಇಲ್ಲದೆ, ಮೂಲವನ್ನು ಇಳಿಸಿಕೊಂಡ ಮೇಲೆ. ಪೆನ್‌ಡ್ರೈವಿಗೆ ಹೋಗುವ ಮುಂಚೆ ಪ್ರತಿ ಮಿಕ್ಸನ್ನೂ ಗುಡಿಯ ಹಾರ್ನಿನಲ್ಲಿ ಒಮ್ಮೆ, ಹೂ ಮಾರುವವರ ಅಂಗಡಿಯ ಮುಂದೆ ನಿಂತು ಕೇಳಿದೆವು. ಅಲ್ಲಿಗೆ ಮಾತು ತಿಳಿದರೆ ಸರಿ.

ಒಂಬತ್ತನೆಯದರಲ್ಲಿ ಅಜ್ಜನ ದನಿ, ಪೆಟ್ಟಿಗೆ, ತಬಲಾ ಆಗಿದೆ. ಹಿಮ್ಮೇಳ ಈ ಭಾನುವಾರ. ಕಾರ್ಡಿನ ಪಕ್ಕದಲ್ಲಿರುವ ಬೀಗದ ಕಡ್ಡಿಯನ್ನು ಏನೂ ಅಳಿಯದ ಹಾಗೆ ಕೆಳಗೆ ಸರಿಸಿ, ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ, ಮೇಷ್ಟ್ರು ಅದನ್ನು ತಮ್ಮ ಹಳೆ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದಾರೆ. ಭಾನುವಾರದ ಕೆಲಸಕ್ಕೆ ಬೇರೆ ಕಾರ್ಡಿನಲ್ಲಿ ಅದರ ಪ್ರತಿ ಇದೆ. ನೋಟ್‌ಬುಕ್ಕಿನ ಒಂಬತ್ತನೇ ಪುಟದಲ್ಲಿ ಒಂದನೇ ಗೀಟಿನ ಕೆಳಗೆ ‘ಇಲ್ಲ’ ಅಂತ ಬರೆದು, ಅದರ ಸುತ್ತ ಎರಡು ಸಲ ಸುತ್ತು ಹಾಕಿದ್ದಾರೆ.